ಡಬ್ಬಿ ತುಂಬಿಸಿ ‘ಬ್ರೇಕ್ ಆಯಿಲ್ ಚೇಂಜ್’ ಅಂತ ಬಿಲ್ ಹಾಕೋದು ಯಾವ ನ್ಯಾಯ?

ಸರ್ವಿಸ್ ಬಿಲ್ಲಲ್ಲಿ ‘ಬ್ರೇಕ್ ಆಯಿಲ್ ಚೇಂಜ್’ ಅಂತ ಒಂದು ಸಾಲು, ಅದಕ್ಕೆ ಬೇರೆ ಲೇಬರ್ ಚಾರ್ಜು. ಚಕ್ರದ ಹಿಂದೆ ಬಗ್ಗಿ ನೋಡಿದ್ರೆ ಬ್ಲೀಡರ್ ನಿಪ್ಪಲ್ (ಹಳೇ ಆಯಿಲ್ ಹೊರಗೆ ಬಿಡೋ ಸಣ್ಣ ಸ್ಕ್ರೂ) ಮೇಲೆ ಹಳೇ ಕೆಸರು ಗಟ್ಟಿಯಾಗಿ ಕೂತಿರುತ್ತೆ, ಸ್ಪ್ಯಾನರ್ ಮುಟ್ಟಿದ ಗುರುತೇ ಇಲ್ಲ. ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯಲ್ಲಿದ್ದ ಕಪ್ಪು ಆಯಿಲನ್ನ ಸಿರಿಂಜಲ್ಲಿ ಎಳೆದು, ಹೊಸದು ಸುರಿದು ಮುಚ್ಚಳ ಹಾಕಿದ್ದಾರೆ, ಅಷ್ಟೇ. ಇದು ಮೋಸ. ಅದೂ ಬ್ರೇಕಿನ ವಿಷಯದಲ್ಲಿ.

ಇಂಜಿನ್ ಆಯಿಲ್ ಥರ ಬ್ರೇಕ್ ಆಯಿಲ್ ಸುತ್ತು ಹೊಡೆಯಲ್ಲ. ಪೆಡಲ್ ಒತ್ತಿದ್ರೆ ಒಂಚೂರು ಮುಂದೆ ಹೋಗುತ್ತೆ, ಬಿಟ್ರೆ ವಾಪಸ್ ಬರುತ್ತೆ. ಮೇಲೆ ಸುರಿದ ಹೊಸ ಆಯಿಲ್, ಚಕ್ರದ ಹತ್ರ ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರ್ ತನಕ ಇಳಿಯೋದೇ ಇಲ್ಲ. ಬಿಸಿ ತಗಲೋದು ಮಾತ್ರ ಅಲ್ಲೇ, ಆ ಹಳೇ ಆಯಿಲಿಗೇ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯೋ ಮಿತಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ಗಾಳಿಯ ತೇವ ಹೀರಿ 3.7% ನೀರು ಸೇರಿಕೊಂಡ್ರೆ ಅದೇ ಮಿತಿ 155. ಡಾಟ್ 3 ಆದ್ರೆ 205ರಿಂದ 140ಕ್ಕೆ ಬೀಳುತ್ತೆ. ಜನ, ಲಗೇಜು ತುಂಬಿದ ಕಾರು ಚಾರ್ಮಾಡಿ ಘಾಟಿಯನ್ನ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದ್ರೆ ಆ ಆಯಿಲ್ ಕುದಿಯಬಹುದು. ಕುದ್ದರೆ ಲೈನಲ್ಲಿ ಆವಿ ತುಂಬುತ್ತೆ. ಆವಿ ಅದುಮಿಕೊಳ್ಳುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ, ಬ್ರೇಕ್ ಹಿಡಿಯಲ್ಲ.

ಸರಿ, ಮನೇಲೇ ಮಾಡ್ಕೊಳ್ಳೋಣ ಅಂದ್ರೆ ಅದಕ್ಕೂ ಗ್ಯಾರೇಜಿನವರು ಕಲ್ಲು ಹಾಕಿರ್ತಾರೆ. ಯಾವತ್ತೋ ಓಪನ್ ಸ್ಪ್ಯಾನರ್ ಹಾಕಿ ತಿರುಗಿಸಿ ನಿಪ್ಪಲಿನ ಮೂಲೆಗಳನ್ನೆಲ್ಲ ಸವೆಸಿರ್ತಾರೆ. ಮೇಲಿನ ರಬ್ಬರ್ ಟೋಪಿ ಕಿತ್ತು ಎಸೆದಿರ್ತಾರೆ. ನಾಲ್ಕು ಕಾಸಿನ ಟೋಪಿ ಅದು! ಇಲ್ಲದಿದ್ರೆ ನಿಪ್ಪಲಿನ ತೂತಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತೆ. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಗಂತೂ ಕೇಳೋದೇ ಬೇಡ. ಇಂಥದ್ದನ್ನ ಬಿಚ್ಚೋದಾದ್ರೆ ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸೋ ಸ್ಪ್ರೇ ಹೊಡೀರಿ, ಆರು ಮೂಲೆಯ ಸಾಕೆಟಲ್ಲೇ ಮೊದಲು ಸಡಿಲ ಮಾಡಿ. ಸಾಮಾನ್ಯವಾಗಿ 8 ಅಥವಾ 10 ಎಂಎಂ ಇರುತ್ತೆ. ಬರಲ್ಲ ಅಂದ್ರೆ ಜೋರು ಮಾಡಬೇಡಿ, ಮುರಿದ್ರೆ ಕ್ಯಾಲಿಪರ್ರೇ ಬಿಚ್ಚಬೇಕಾಗುತ್ತೆ. ಸ್ಪ್ರೇ ಮಾತ್ರ ಒಳಗೆ ಹೋಗಬಾರದು. ಪೆಟ್ರೋಲಿಯಂ ಎಣ್ಣೆ ಸೇರಿದ್ರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಹಾಳಾಗ್ತವೆ.

ಸರಿಯಾಗಿ ಮಾಡೋಕೆ ಏನು ಮಹಾ ಬೇಕು? ಸೀಲ್ ಒಡೆಯದ ಆಯಿಲ್ ಒಂದು ಲೀಟರ್, ಪಾರದರ್ಶಕ ಪೈಪು, ಖಾಲಿ ಬಾಟಲಿ, ಪೆಡಲ್ ಒತ್ತೋಕೆ ಒಬ್ಬರು. ಚಕ್ರಕ್ಕೆ ಅಡ್ಡಗಟ್ಟೆ, ಕಾರಿಗೆ ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೈ ಹಾಕಬೇಡಿ. ನಮ್ಮ ಬಲಗೈ ಸ್ಟಿಯರಿಂಗ್ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಂದ (ಪೆಡಲ್ ಒತ್ತಿದಾಗ ಆಯಿಲನ್ನ ಲೈನಿಗೆ ತಳ್ಳೋ ಭಾಗ) ದೂರದ್ದು ಹಿಂದಿನ ಎಡ ಚಕ್ರ, ಅಲ್ಲಿಂದ ಶುರು ಮಾಡಿ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳ ಮ್ಯಾನ್ಯುಯಲಲ್ಲಿ ಬೇರೆ ಕ್ರಮ ಇರುತ್ತೆ, ಆಗ ಅದೇ ಸರಿ. ಪೈಪಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ಬಾಟಲಿಯ ತಳಕ್ಕೆ ಹಾಕಿದ ಸ್ವಲ್ಪ ಆಯಿಲಲ್ಲಿ ಮುಳುಗಿರಲಿ. ಪೆಡಲ್ ನಿಧಾನಕ್ಕೆ ಒತ್ತಿ ಹಿಡಿದಾಗ ನಿಪ್ಪಲ್ ಕಾಲು ಸುತ್ತು ತೆರೀಬೇಕು, ಪೆಡಲ್ ಕೆಳಗಿರುವಾಗಲೇ ಮುಚ್ಚಬೇಕು, ಆಮೇಲೆ ‘ಬಿಡಿ’ ಅನ್ನಬೇಕು. ಮುಚ್ಚೋ ಮೊದಲೇ ಕಾಲೆತ್ತಿದ್ರೆ ಗಾಳಿ ಒಳಗೆ. ಗುಳ್ಳೆ ನಿಂತು, ತಿಳಿ ಬಣ್ಣದ ಆಯಿಲ್ ಬರೋವರೆಗೂ ಇದೇ. ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ಹೊಸ ಆಯಿಲ್ ತುಂಬ್ತಾ ಇರಿ, ತಳ ಕಂಡ್ರೆ ಗಾಳಿ ಒಳಗೆ, ಮೊದಲಿಂದ ಶುರು.

ಹಳೇ ಕಾರಾದ್ರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಲ್ಲಿ ದಿನಾ ಓಡಾಡದ ಭಾಗ ತುಕ್ಕು, ಜಿಡ್ಡು ಹಿಡಿದಿರುತ್ತೆ; ಪೆಡಲನ್ನ ನೆಲಕ್ಕೆ ತುಳಿದ್ರೆ ಸೀಲ್ ಅದರ ಮೇಲೆ ಹಾದು ಹರಿದುಹೋಗುತ್ತೆ. ಆಗ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳೀತಾ ಹೋಗುತ್ತೆ. ಗ್ಯಾರೇಜಿನ ಹುಡುಗರಿಗೆ ಇದನ್ನ ಯಾರೂ ಹೇಳಿಕೊಡಲ್ಲ. ಪೆಡಲ್ ಪಟಪಟ ತುಳಿಯೋದನ್ನ ಮಾತ್ರ ಕಲಿಸಿರ್ತಾರೆ.

ಇನ್ನೊಂದು ಅನ್ಯಾಯ: ಎಡ, ಬಲದ ಕ್ಯಾಲಿಪರ್ ಅದಲುಬದಲು ಕೂರಿಸೋದು. ನಿಪ್ಪಲ್ ಕೆಳಗೆ ಬರುತ್ತೆ, ಗಾಳಿ ಮೇಲೇ ಉಳಿಯುತ್ತೆ, ಎಷ್ಟು ಆಯಿಲ್ ಸುರಿದ್ರೂ ಪೆಡಲ್ ಗಟ್ಟಿಯಾಗಲ್ಲ. ಆಗ, ಚಕ್ರ ಲಾಕ್ ಆಗದ ಹಾಗೆ ತಡೆಯೋ ‘ಎಬಿಎಸ್ ಯೂನಿಟ್ಟೇ ಹೋಗಿದೆ’ ಅಂತ ಹೆದರಿಸ್ತಾರೆ! ಎಬಿಎಸ್ ಇರೋ ಕಾರಲ್ಲೂ ಬರೀ ಆಯಿಲ್ ಬದಲಿಸೋದಕ್ಕೆ ಮೇಲೆ ಹೇಳಿದ ಮಾಮೂಲಿ ಬ್ಲೀಡಿಂಗ್ ಸಾಕಾಗುತ್ತೆ. ಯೂನಿಟ್ ಒಳಗೇ ಗಾಳಿ ಹೊಕ್ಕಿದ್ರೆ ಮಾತ್ರ ಸ್ಕ್ಯಾನರ್ ಹಾಕಿ ವಾಲ್ವ್ ಆಡಿಸಬೇಕಾಗುತ್ತೆ. ಮೊದಲು ನಿಪ್ಪಲ್ ಮೇಲ್ಗಡೆ ಇದೆಯಾ ನೋಡ್ರಪ್ಪಾ.

ಗ್ಯಾರೇಜಿನವರೇ, ನಿಮ್ಮ ಆ ಶೆಲ್ಫ್ ಮೇಲೆ ಮುಚ್ಚಳ ಸಡಿಲವಾಗಿ ಕೂತಿರೋ ಅರ್ಧ ಬಾಟಲಿ ಇದೆಯಲ್ಲ, ಮಳೆಗಾಲ ಪೂರ್ತಿ ತೇವ ಹೀರಿದ್ದು, ಅದನ್ನ ನಮ್ಮ ಕಾರಿಗೆ ಸುರೀಬೇಡಿ. ನಮ್ಮ ಕಣ್ಣೆದುರೇ ಸೀಲ್ ಒಡೀರಿ, ತೆಗೆದ ಹಳೇ ಆಯಿಲ್ ಬಾಟಲಿಯಲ್ಲಿ ತೋರಿಸಿ. ಆಗಲ್ಲ ಅಂದ್ರೆ ಬಿಲ್ಲಲ್ಲಿ ‘ಟಾಪ್ ಅಪ್’ ಅಂತ ಬರೀರಿ, ಅಷ್ಟಕ್ಕೇ ದುಡ್ಡು ತಗೊಳ್ಳಿ.