ಯಾರಾದ್ರೂ ಆಫ್ ಮಾಡ್ತಾರೆ ಬಿಡಿ

ಇವತ್ತೂ ಬೆಳಗ್ಗೆ ನಮ್ಮ ಬಿಲ್ಡಿಂಗ್ ನೆತ್ತಿಯಿಂದ ಜೋಗ ಧುಮುಕಿತು. ಓವರ್‌ಹೆಡ್ ಟ್ಯಾಂಕ್ ತುಂಬಿ, ಮೊದಲ ಮಹಡಿಯವರು ರಾತ್ರಿ ಒಣಹಾಕಿದ್ದ ಬೆಡ್‌ಶೀಟನ್ನು ಇನ್ನೊಂದು ಸಲ ಜಾಲಾಡಿಸಿ, ನೀರು ಮೋರಿ ಸೇರಿತು. ಹಬ್ಬಕ್ಕೆಂದು ಊರಿಗೆ ಹೋದ ವಾಚ್‌ಮನ್ ಇನ್ನೂ ಬಂದಿಲ್ಲ. ಯಾರ ಮನೆ ನಲ್ಲಿ ಸಣ್ಣಗಾಯಿತೋ ಅವರು ಇಳಿದು ಬಂದು ಮೋಟರ್ ಹಾಕುತ್ತಾರೆ, ಹೋಗಿ ಸ್ನಾನಕ್ಕೆ ನಿಲ್ಲುತ್ತಾರೆ, ಮರೆಯುತ್ತಾರೆ. ಹಾಕುವ ಹಕ್ಕು ಎಲ್ಲರದು, ಆರಿಸುವ ಕರ್ಮ ನನ್ನದು.

ಹನ್ನೆರಡು ಮನೆ. ಧೋ ಅನ್ನುವ ಸದ್ದು ಹನ್ನೆರಡಕ್ಕೂ ಕೇಳಿಸುತ್ತದೆ. ಅಷ್ಟೂ ಕಡೆ ಕುಕ್ಕರ್ ಕೂಗುತ್ತಿದೆ ಅಂದಮೇಲೆ ಮಲಗಿದ್ದೆವು ಅನ್ನುವ ಹಾಗೂ ಇಲ್ಲ. ನಮ್ಮ ಮನೆಯವರು ಮಾತ್ರ ರಗ್ಗಿನೊಳಗಿಂದಲೇ, "ಯಾರಾದ್ರೂ ಆಫ್ ಮಾಡ್ತಾರೆ ಬಿಡೇ" ಅಂದರು. ನೈಟಿ ಮೇಲೊಂದು ದುಪಟ್ಟಾ ಎಳೆದುಕೊಂಡು ಮೂರು ಮಹಡಿ ಇಳಿದೆ. ಸ್ವಿಚ್ ಇರುವುದು ಕೆಳಗೆ, ಮೆಟ್ಟಿಲಡಿ, ಮೀಟರ್ ಬೋರ್ಡಿನ ಪಕ್ಕ.

ಇಳಿಯುವಾಗ ಎರಡನೇ ಮಹಡಿಯ ಅಂಕಲ್ ದರ್ಶನ ತಪ್ಪದು. ಟ್ಯಾಂಕ್ ತುಂಬಿ ಹರಿಯಿತೆಂದರೆ ಮೊದಲು ಬಾಲ್ಕನಿಗೆ ಬರುವವರು ಅವರೇ. ಪಂಚೆ, ಬನಿಯನ್, ಕೈಯಲ್ಲಿ ಕಾಫಿ ಲೋಟ. ಕತ್ತೆತ್ತಿ ನೀರು ನೋಡುತ್ತಾರೆ. ಕತ್ತು ಬಗ್ಗಿಸಿ ಮೋರಿ ನೋಡುತ್ತಾರೆ. ಒಂದು ಗುಟುಕು ಕುಡಿದು, "ಛೆ ಛೆ ಛೆ" ಅನ್ನುತ್ತಾರೆ. ಆಮೇಲೆ ಇಡೀ ರಸ್ತೆಗೆ ಕೇಳುವ ಹಾಗೆ, "ಯಾರ್ರೀ ಅದು ಮೋಟರ್ ಹಾಕಿದ್ದೂ?" ನೀರು ನಿಲ್ಲುವುದು ಆಮೇಲಾಯಿತು, ಮೊದಲು ತನಿಖೆ ನಡೆಯಬೇಕು.

ಉತ್ತರ ಬಾರದಿದ್ದರೆ ಉಪನ್ಯಾಸ. "ಈ ನೀರು ಎಲ್ಲಿಂದ ಬರುತ್ತೆ ಗೊತ್ತೇನ್ರೀ ನಿಮಗೆ? ತೊರೆಕಾಡನಹಳ್ಳಿಯಿಂದ! ನೂರು ಕಿಲೋಮೀಟರ್! ಅಲ್ಲಿ ಪಂಪು, ಹಾರೋಹಳ್ಳೀಲಿ ಪಂಪು, ತಾತಗುಣೀಲಿ ಪಂಪು. ಐನೂರು ಮೀಟರ್ ಮೇಲಕ್ಕೆ ಎತ್ತಿ ಬೆಂಗಳೂರಿಗೆ ತರ್ತಾರೆ ಕಣ್ರೀ ಕಾವೇರೀನ!" ಹೇಳಿದ್ದೆಲ್ಲ ನಿಜವೇ. ಕಾವೇರಿ ಅರ್ಧ ಕಿಲೋಮೀಟರ್ ಹತ್ತಿ ಬಂದಿದ್ದಾಳೆ, ಇವರು ಎರಡು ಮಹಡಿ ಇಳಿಯಲೊಲ್ಲರು.

ಇಷ್ಟಾದ ಮೇಲೆ ಲೋಟ ಕೆಳಗಿಟ್ಟು ಫೋನ್ ತೆಗೆಯುತ್ತಾರೆ. ವಿಡಿಯೊ ಮಾತ್ರ ಚೆನ್ನಾಗಿಯೇ ತೆಗೆಯುತ್ತಾರೆ, ಅನ್ಯಾಯವಾಗಿ ಹೇಳಬಾರದು. ಮೊದಲು ಟ್ಯಾಂಕ್, ನಿಧಾನಕ್ಕೆ ಬೆಡ್‌ಶೀಟ್, ಕೊನೆಗೆ ಮೋರಿ, ಹಿನ್ನೆಲೆಯಲ್ಲಿ ಅವರದೇ "ಛೆ ಛೆ". ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಳಗೊಂದು ಸಾಲು: "ಸಮ್‌ಬಡಿ ಪ್ಲೀಸ್ ಡು ದಿ ನೀಡ್‌ಫುಲ್." ಇವತ್ತಿನ ವಿಡಿಯೊದಲ್ಲಿ ಕೊನೆಗೆ ನಾನೂ ಇದ್ದೇನೆ, ಕೆದರಿದ ತಲೆಯಲ್ಲಿ ಓಡುತ್ತಿದ್ದೇನೆ.

ಈ ರೋಗವನ್ನು ಮನಶ್ಶಾಸ್ತ್ರದವರು ಹಿಂದೆಯೇ ಪರೀಕ್ಷೆ ಮಾಡಿದ್ದಾರೆ. 1968ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬಿಬ್ಬರು ಕಾಲೇಜು ಹುಡುಗರನ್ನು ಫಾರಂ ತುಂಬಲು ಕೂರಿಸಿ, ಗೋಡೆಯ ಕಿಂಡಿಯಿಂದ ಕೋಣೆಗೆ ಹೊಗೆ ಬಿಟ್ಟರು. ಒಬ್ಬನೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಇಬ್ಬರನ್ನು ಏನೂ ಆಗಿಲ್ಲವೆಂಬಂತೆ ಕೂರಿಸಿದಾಗ ಎದ್ದವರು ನೂರಕ್ಕೆ 10. ಉಳಿದವರು ಕೆಮ್ಮುತ್ತಾ, ಕಣ್ಣುಜ್ಜುತ್ತಾ ಫಾರಂ ತುಂಬುತ್ತಲೇ ಇದ್ದರಂತೆ. ಅವನು ಸುಮ್ಮನಿದ್ದಾನಲ್ಲ, ಏನೂ ಇರಲಿಕ್ಕಿಲ್ಲ ಎಂದು ಇವನು. ಗ್ರೂಪಿನಲ್ಲಿ ಒಂದಾದ ಮೇಲೊಂದು ನೀಲಿ ಟಿಕ್ ಬೀಳುವಾಗ ನಮ್ಮಲ್ಲೂ ನಡೆಯುವುದು ಇದೇ. ಹತ್ತು ಜನ ಸೇರಿದರೆ ಹಾವು ಸಾಯೋಲ್ಲ ಅಂತ ನಮ್ಮಜ್ಜಿ ಯಾವ ಹೊಗೆಯನ್ನೂ ಬಿಡದೆ ಹೇಳುತ್ತಿದ್ದಳು.

ಸಂಪು ತೊಳೆಯುವ ಭಾನುವಾರದ ಕಥೆಯೂ ಅಷ್ಟೇ. ಹಗ್ಗ ಹಿಡಿದು ಬಕೆಟ್ ಮೇಲೆಳೆಯಲು ಏಳು ಗಂಡಸರು, ಬಕೆಟ್ ಮಾತ್ರ ಮೇಲೆ ಬರುವುದಿಲ್ಲ. ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹೀಗೇ ಹಗ್ಗ ಎಳೆಸಿ 1913ರಲ್ಲಿ ಲೆಕ್ಕ ಕೊಟ್ಟಿದ್ದಾನೆ: ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿನ ಎಳೆತ, ಒಬ್ಬನೇ ಎಳೆಯುವುದರ ಅರ್ಧಕ್ಕೆ ಇಳಿಯುತ್ತದೆ. ಅವನ ಲೆಕ್ಕದಲ್ಲಿ ಫೋನಿನಲ್ಲಿ ಮಾತಾಡುತ್ತಾ ಒಂದೇ ಕೈಯಲ್ಲಿ ಹಗ್ಗ ಮುಟ್ಟಿಕೊಂಡವರು ಇದ್ದಂತಿಲ್ಲ.

ಟ್ಯಾಂಕ್ ತುಂಬಿದ ಕೂಡಲೇ ತಾನೇ ನಿಲ್ಲುವ ಆಟೊಮ್ಯಾಟಿಕ್ ಸ್ವಿಚ್ ಹಾಕಿಸೋಣ ಎಂದು ಮೀಟಿಂಗ್‌ನಲ್ಲಿ ನಾನೇ ಎತ್ತಿದೆ. ಒಬ್ಬರು, "ಯಾಕ್ರೀ ಸುಮ್ನೆ ಖರ್ಚು" ಅಂದರು. ಪಕ್ಕದವರು ಹೌದೌದು ಅಂದರು. ಹೌದೌದು ಎನ್ನುವುದು ಇಡೀ ಸಾಲು ಸುತ್ತಿ ಬಂತು, ವಿಷಯ ಬಿದ್ದುಹೋಯಿತು. ಮೆಟ್ಟಿಲು ಹತ್ತುವಾಗ ನೋಡಿದರೆ ಒಬ್ಬೊಬ್ಬರೂ ನನ್ನ ಕಿವಿ ಹತ್ತಿರ ಬಂದು, "ಹಾಕಿಸಿದ್ರೆ ಒಳ್ಳೇದಿತ್ತು ಮೇಡಂ, ಎಲ್ರೂ ಬೇಡ ಅಂದ್ರಲ್ಲ" ಅನ್ನುತ್ತಾರೆ. ಖರ್ಚು ಅಂದವರೂ ಸೇರಿ! ಜೆರ್ರಿ ಹಾರ್ವೆ ಎಂಬ ಮೇಷ್ಟ್ರು 1974ರಲ್ಲಿ ತಮ್ಮ ಮನೆಯದೇ ಇಂಥ ಪುರಾಣ ಬರೆದಿದ್ದಾರೆ. ಟೆಕ್ಸಸ್‌ನ ಸುಡುಬಿಸಿಲಲ್ಲಿ ಮನೆಮಂದಿಯೆಲ್ಲ ಎಸಿ ಇಲ್ಲದ ಕಾರಿನಲ್ಲಿ ಅಬಿಲೀನ್ ಎಂಬ ಊರಿಗೆ ಹೋಗಿ, ಕೆಟ್ಟ ಊಟ ಮಾಡಿ ಬಂದರು. ಬಂದಮೇಲೆ ಗೊತ್ತಾಯಿತು, ಹೋಗುವುದು ಒಬ್ಬರಿಗೂ ಬೇಕಿರಲಿಲ್ಲ. ಅವರು ಹೋಗಿ ಬಂದಾದರೂ ಬಂದರು, ನಾವು ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಏಳದೆಯೇ ಆ ಊರು ಸೇರಿದೆವು.

2024ರ ಬೇಸಿಗೆಯಲ್ಲಿ ನಾವು ಹೀಗಿರಲಿಲ್ಲ. ಮಾರ್ಚ್ ಹೊತ್ತಿಗೆ ಬೋರ್‌ವೆಲ್ ಕೈಕೊಟ್ಟು, ಟ್ಯಾಂಕರ್‌ನವರು ಹೇಳಿದ್ದೇ ರೇಟಾಗಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಹೊರಡಿಸಿದ್ದು ನೆನಪಿದೆಯಲ್ಲ? ಆಗ ನಮ್ಮ ಟ್ಯಾಂಕಿನಿಂದ ಒಂದು ತೊಟ್ಟೂ ಹೊರಗೆ ಬೀಳಲಿಲ್ಲ. ಮೋಟರ್ ಹಾಕಿದವರು ಪಕ್ಕದಲ್ಲೇ ಕಾಯುತ್ತಿದ್ದರು, ಇನ್ನೊಬ್ಬರು ಟೆರೇಸಿನಿಂದ ಬಗ್ಗಿ "ಇನ್ನೊಂದ್ ಗೇಣು" ಎಂದು ಕೂಗುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕವರೆಲ್ಲ "ನಿಮ್ಮನೇಲಿ ಬರ್ತಾ ಇದ್ಯಾ?" ಎಂದು ಕೇಳುವರು. ಒಂದನೇ ಮಹಡಿಯ ಹುಡುಗಿಯ ಹೆಸರು ನನಗೆ ತಿಳಿದದ್ದೇ ಟ್ಯಾಂಕರ್ ಕಾಯುತ್ತಾ ಕೂತಿದ್ದಾಗ. ಮಳೆ ಬಂತು, ಬಾಗಿಲುಗಳು ಮುಚ್ಚಿಕೊಂಡವು. ಆ ಹುಡುಗಿ ಈಗಲೂ ಅಲ್ಲೇ ಇದ್ದಾಳೋ, ಮನೆ ಬದಲಾಯಿಸಿದಳೋ.

ಇದಕ್ಕೆ ಪುಸ್ತಕದವರು ಒಂದು ಮದ್ದೂ ಹೇಳುತ್ತಾರೆ. ಗುಂಪಿನಲ್ಲಿ ಸಹಾಯ ಬೇಕಾದರೆ "ಯಾರಾದ್ರೂ ಬನ್ನಿ" ಅನ್ನಬಾರದು, ಒಬ್ಬರನ್ನು ಬೆರಳು ಮಾಡಿ ಕರೆಯಬೇಕು. ಇವತ್ತು ನಾನು ಸ್ವಿಚ್ ಆರಿಸಿ ಮೇಲೆ ಬಂದವಳೇ ಗ್ರೂಪಿನಲ್ಲಿ ಹಾಕಿದೆ: "ಇನ್ನೂರ ಮೂರರ ಅಂಕಲ್, ನಾಳೆ ಬೆಳಗ್ಗೆ ಮೋಟರ್ ನೀವೇ ಆಫ್ ಮಾಡಬೇಕು."

ಐದು ನಿಮಿಷ ಸದ್ದಿಲ್ಲ. ಆಮೇಲೆ ಕಾಲಿಂಗ್ ಬೆಲ್. ಬಾಗಿಲಲ್ಲಿ ಅಂಕಲ್, ಮೈಮೇಲೆ ಶರ್ಟ್ ಬಂದಿದೆ.

"ಏನಮ್ಮಾ, ಹನ್ನೆರಡು ಮನೇಲಿ ನನ್ನ ಹೆಸರೇ ಯಾಕೆ ತೆಗೆದೆ?"

ಕೆಳಗಿಳಿಯಲು ಬರದ ಕಾಲು ನಮ್ಮ ಮೂರನೇ ಮಹಡಿ ಹತ್ತಿಬಂದಿದ್ದವು. ಕೂರಿಸಿ ಕಾಫಿ ಕೊಟ್ಟೆ. ಅವರು ಹೋದಮೇಲೆ ಫೋನ್ ನೋಡಿದರೆ, ನನ್ನ ಮೆಸೇಜಿಗೆ ಹತ್ತು ಮನೆಯಿಂದ ಹೆಬ್ಬೆಟ್ಟು. ಹನ್ನೊಂದನೆಯದು ಈಗ ತಾನೇ ಬಂತು, ನಮ್ಮದೇ ಹಾಲ್‌ನಿಂದ, ನಮ್ಮ ಮನೆಯವರದು.