ಬಾಳೆಹಣ್ಣು ಬೇಡ, ಟಿಪ್ಸ್ ಮರೀಬೇಡಿ

ಬೋಟಿನವರಿಂದ ಬಂದ ಮೇಲ್‌ನಲ್ಲಿ ಎರಡು ಸಾಲು ದಪ್ಪಕ್ಷರದಲ್ಲಿದ್ದವು. ಒಂದು, ದಯವಿಟ್ಟು ಬೋಟಿಗೆ ಬಾಳೆಹಣ್ಣು ತರಬೇಡಿ. ಇನ್ನೊಂದು, ಬೋಟಿನ ಹುಡುಗನಿಗೆ ಟಿಪ್ಸ್ ಕೊಡುವುದು ಬಿಡುವುದು ನಿಮ್ಮಿಷ್ಟ, ಆದರೆ 20 ಪರ್ಸೆಂಟ್ ವಾಡಿಕೆ.

ಮೊದಲನೇದು ನನ್ನ ಹೆಂಡತಿಗೆ ಅರ್ಥವಾಗಲಿಲ್ಲ. ಎರಡನೇದು ನನಗೆ.

ಅಟ್ಲಾಂಟಾದಲ್ಲಿರುವ ಅಕ್ಕನ ಮಗ ನಮ್ಮನ್ನು ಫ್ಲೋರಿಡಾದ ಡೆಸ್ಟಿನ್‌ಗೆ ಮೀನು ಹಿಡಿಸಲು ಕರೆದುಕೊಂಡು ಹೋಗಿದ್ದ. 'ಜಗತ್ತಿನಲ್ಲೇ ಅತಿ ಅದೃಷ್ಟದ ಮೀನುಗಾರರ ಹಳ್ಳಿ' ಅಂತ ಆ ಊರು ತನಗೆ ತಾನೇ ಬಿರುದು ಕೊಟ್ಟುಕೊಂಡಿದೆ. ಹಳ್ಳಿ ಅಂದರೆ ಕಡಲ ದಂಡೆಗೆ ಹತ್ತು ಹದಿನೈದು ಮಹಡಿಯ ಕಟ್ಟಡಗಳಿರುವ ಹಳ್ಳಿ. ಅದೃಷ್ಟ ಯಾರದ್ದು ಅಂತ ಬಿಲ್ ಬಂದ ಮೇಲೆ ಗೊತ್ತಾಯಿತು.

ಬಾಳೆಹಣ್ಣು ಬೋಟಿಗೆ ಬಂದರೆ ಮೀನು ಸಿಗೋದಿಲ್ಲ ಅನ್ನುವುದು ಅಲ್ಲಿನ ಮೀನುಗಾರರ ನಂಬಿಕೆ. ಬಲವಾದ ನಂಬಿಕೆ. ಉಪಗ್ರಹ ನೋಡಿ ದಾರಿ ಹಿಡಿಯುವ, ಪರದೆಯ ಮೇಲೆ ಮೀನಿನ ಗುಂಪು ನೋಡಿ ಬೋಟು ನಿಲ್ಲಿಸುವ ಕ್ಯಾಪ್ಟನ್ ಒಂದು ಬಾಳೆಹಣ್ಣಿಗೆ ಹೆದರುತ್ತಾನೆ. ನಮ್ಮ ಹೆಂಡತಿ ಕರಾವಳಿಯವಳು. ಮಲ್ಪೆ ಕಡೆ ಕಡಲಿಗೆ ಇಳಿಯುವ ಮೊದಲು ಸಮುದ್ರ ಪೂಜೆ ಮಾಡಿ ಹಾಲು, ತೆಂಗಿನಕಾಯಿ, ಬಾಳೆಹಣ್ಣು ಕೊಡುವುದನ್ನು ನೋಡಿ ಬೆಳೆದವಳು. "ಇವರಿಗೆ ಎಂತ ಮಾರಾಯ್ರೆ, ಕಡಲಿಗೆ ಒಂದು ಹಣ್ಣು ಕೊಡದೆ ಮೀನು ಕೇಳುದಾ?" ಅಂದಳು. ಯೋಚನೆ ಮಾಡಿದರೆ ಸರಿಯೇ. ನಾವು ಟಿಪ್ಸ್ ಕೊಡೋದೇ ಕಡಲಿಗೆ. ಅದೂ ಮುಂಗಡ. ಕಡಲು ಇದುವರೆಗೆ ಯಾವ ಪರ್ಸೆಂಟನ್ನೂ ಬೋರ್ಡು ಹಾಕಿ ಕೇಳಿಲ್ಲ.

ಹಣ್ಣಿನ ಚಿಪ್ಪು ಕಾರಿನಲ್ಲೇ ಉಳಿಯಿತು. 20 ಪರ್ಸೆಂಟ್ ಜೇಬಿನಲ್ಲಿ ಹೊರಟಿತು.

ನಾವು ಆರು ಜನ. ಅಲ್ಲಿನ ಕೋಸ್ಟ್ ಗಾರ್ಡ್ ಲೆಕ್ಕದಲ್ಲಿ ಇಂಥ ಸಣ್ಣ ಬೋಟಿಗೆ ಆರೇ ಗಿರಾಕಿ. ಅದಕ್ಕೇ ಇವಕ್ಕೆ 'ಸಿಕ್ಸ್ ಪ್ಯಾಕ್' ಅಂತ ಹೆಸರು. ನಾನು ಹೊಟ್ಟೆಯ ವಿಷಯ ಅಂದುಕೊಂಡು ಸ್ವಲ್ಪ ಉಸಿರು ಎಳೆದು ನಿಂತಿದ್ದೆ. ಆರು ಜನದಲ್ಲಿ ಒಬ್ಬ ಅಳಿಯನ ಗೆಳೆಯ, ದಾವಣಗೆರೆ ಹುಡುಗ, ಮೊಟ್ಟೆಯನ್ನೂ ಮುಟ್ಟದವನು. ಸಮುದ್ರ ನೋಡೋಕೆ ಬಂದಿದ್ದ. ನಾಲ್ಕು ಗಂಟೆಗೆ 900 ಡಾಲರ್.

ಈಗ ಮೀನು ಹಿಡಿಯುವ ಕೆಲಸ ಹೇಗಿರುತ್ತೆ ಕೇಳಿ. ಮೀನು ಎಲ್ಲಿದೆ ಅಂತ ಕ್ಯಾಪ್ಟನ್ ಹುಡುಕುತ್ತಾನೆ. ಗಾಳಕ್ಕೆ ಎರೆ ಚುಚ್ಚುವುದು ಬೋಟಿನ ಹುಡುಗ. ನೀರಿಗೆ ಬಿಡುವುದು ಹೇಗೆ ಅಂತ ತೋರಿಸುವುದು ಹುಡುಗ. ಮೀನು ಕಚ್ಚಿದೆ ಅಂತ ಕೂಗುವುದೂ ಅವನೇ. ನಾವು ಹಿಡಿಕೆ ತಿರುಗಿಸಬೇಕು. ಅದೂ ನಮ್ಮ ದಾರ ಪಕ್ಕದವನ ದಾರಕ್ಕೆ ಸುತ್ತಿಕೊಂಡು, ಅದು ಮೂರನೆಯವನಿಗೆ ಸಿಕ್ಕು, ಎಲ್ಲ ಸೇರಿ ಮದುವೆ ಮನೆಯ ಶ್ಯಾವಿಗೆಯಾದಾಗ ಬಂದು ಬಿಡಿಸುವುದು ಹುಡುಗ. ಮೀನಿನ ಬಾಯಿಂದ ಗಾಳ ತೆಗೆಯುವುದು ಹುಡುಗ. 16 ಇಂಚಿಗಿಂತ ಚಿಕ್ಕದಾದರೆ ಅಳೆದು ನೀರಿಗೆ ಬಿಡುವುದೂ ಅವನೇ. ಕೊನೆಗೆ ಮೀನನ್ನು ಎದೆಗೆ ಒತ್ತಿಕೊಂಡು ಫೋಟೊಕ್ಕೆ ನಿಲ್ಲುವುದು ನಾನು. ವಾಟ್ಸಾಪಿನಲ್ಲಿ ಅಕ್ಕ 'ಭೇಷ್ ತಮ್ಮ' ಅಂತ ಬರೆದಳು.

ಒಂದೂವರೆ ಗಂಟೆ ಆದ ಮೇಲೆ ನನ್ನ ಬೆಳಗಿನ ತಿಂಡಿಯನ್ನೂ ಕಡಲಿಗೆ ಕೊಟ್ಟೆ. ಆಗ ಬೆನ್ನು ಹಿಡಿದುಕೊಂಡವನೂ ಆ ಹುಡುಗನೇ. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷ ಇರಬೇಕು. ಬೆರಳ ತುಂಬ ಗಾಳ ಚುಚ್ಚಿದ ಗಾಯದ ಗುರುತು.

ಅಲ್ಲಿ ಗಾಳಕ್ಕೆ ಬೀಳುವ ದೊಡ್ಡ ಮೀನು ರೆಡ್ ಸ್ನ್ಯಾಪರ್. ಜೂನ್ 1ಕ್ಕೆ ಬಾಡಿಗೆ ಬೋಟುಗಳಿಗೆ ಅದರ ಸೀಸನ್ ಶುರು. ಅದೇ ಜೂನ್ 1ಕ್ಕೆ ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳೆಲ್ಲ ದಡ ಸೇರುತ್ತವೆ, ಜುಲೈ 31ರ ತನಕ. ಅಲ್ಲಿ ಗಿರಾಕಿಗೆ ತಲೆಗೆ ಎರಡೇ ಸ್ನ್ಯಾಪರ್. ಕ್ಯಾಪ್ಟನ್‌ಗೆ ಮತ್ತು ಹುಡುಗನಿಗೆ ಎಷ್ಟು? ಸೊನ್ನೆ. ಬಾಡಿಗೆ ಬೋಟಿನ ಸಿಬ್ಬಂದಿ ಆ ಮೀನನ್ನು ತಮ್ಮ ಪಾಲಿಗೆ ಇಟ್ಟುಕೊಳ್ಳುವಂತಿಲ್ಲ. ಕಾನೂನು. ಮೀನು ಉಳಿಯಬೇಕು, ಒಪ್ಪುತ್ತೇನೆ. ಆದರೆ ದಿನಕ್ಕೆ ಎರಡು ಟ್ರಿಪ್, ಬೆಳಗಿಂದ ಸಂಜೆವರೆಗೆ ಮೀನು ಮುಟ್ಟುವ ಕೈಗೆ ಒಂದು ಮೀನೂ ಇಲ್ಲ. ಮಲ್ಪೆಯಲ್ಲಿ ಬೋಟಿನಿಂದ ಇಳಿಯುವವನ ಕೈಯಲ್ಲಿ ಕನಿಷ್ಠ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿರುತ್ತೆ, ರಾತ್ರಿಯ ಪದಾರ್ಥಕ್ಕೆ. ಡೀಸೆಲ್, ಐಸು, ರೇಷನ್ನು ಕಳೆದು ಉಳಿದದ್ದರಲ್ಲಿ ಪಾಲು ಅಂತಲೂ ಇರುತ್ತೆ. ಅದರಲ್ಲಿ ಮೋಸ ಇಲ್ಲ ಅಂತ ನಾನು ಹೇಳ್ತಿಲ್ಲ. ಡೀಸೆಲ್ ಲೆಕ್ಕಕ್ಕೆ ಜಗಳವಾಗದ ದಿನವೇ ಇಲ್ಲ. ಆದರೆ ಜಗಳ ಆಡೋದು ಪಾಲಿಗಾಗಿ. 'ಸಾರ್, ನಾನು ಚೆನ್ನಾಗಿ ನಕ್ಕಿದ್ದೀನಾ?' ಅಂತ ಗಿರಾಕಿಯ ಮುಖ ನೋಡೋದಿಲ್ಲ.

ಬೋಟು ದಡದ ಕಡೆ ತಿರುಗಿತು. ನಮ್ಮೊಳಗೆ ಗುಸುಗುಸು ಶುರುವಾಯಿತು.

20 ಪರ್ಸೆಂಟ್ ಅಂದರೆ ಯಾವುದರ ಮೇಲೆ? 900ರ ಮೇಲಾ, ಟ್ಯಾಕ್ಸ್ ಸೇರಿಸಿಯಾ? ಇಂಧನಕ್ಕೆ ಅಂತ ಬೇರೆ ಹಾಕಿದ್ದಾರಲ್ಲ, ಡೀಸೆಲ್ಲಿಗೂ ಟಿಪ್ಸ್ ಉಂಟಾ? ಕಾರ್ಡ್ ಉಜ್ಜಿದ್ದಕ್ಕೆ ಹಾಕಿದ ಚಾರ್ಜಿನ ಮೇಲೂ? ಕ್ಯಾಪ್ಟನ್ನೇ ಮಾಲೀಕ, ಅವನಿಗೆ ಬೇರೆ ಕೊಡಬೇಕಾ? ಅಳಿಯ ಪಿಸುಗುಟ್ಟಿದ, "ಮಾಮ, ನೀವು ಸುಮ್ನಿರಿ. ಮಾಲೀಕನಿಗೆ ಬೇಡ. ಹುಡುಗನಿಗೆ 180. ಮೀನು ಸಿಗದಿದ್ರೂ ಅಷ್ಟೇ ಕೊಡಬೇಕು." ದಾವಣಗೆರೆ ಹುಡುಗ ಕೇಳಿದ, "ಮೀನು ತಿನ್ನದವರಿಗೆ ಏನಾದ್ರೂ ಕಡಿಮೆ ಇದೆಯಾ?" 180 ಡಾಲರ್ ಅಂದರೆ ಹದಿನೈದು ಸಾವಿರ ರೂಪಾಯಿ ದಾಟುತ್ತೆ. ಅಷ್ಟು ದುಡ್ಡಿಗೆ ನಮ್ಮ ಮೀನು ಮಾರ್ಕೆಟ್ಟಿನಲ್ಲಿ ನನ್ನನ್ನು ಕುರ್ಚಿ ಹಾಕಿ ಕೂರಿಸುತ್ತಾರೆ.

ಇದನ್ನು ಅವರು ಶಿಷ್ಟಾಚಾರ ಅನ್ನುತ್ತಾರೆ. ಮರ್ಯಾದೆ. ನಮಗೂ ಈ ಮರ್ಯಾದೆ ಹೊಸದಲ್ಲ. ಅಲ್ಲಿ ಕಾಫಿ ಅಂಗಡಿಯಲ್ಲಿ ಟ್ಯಾಬ್ಲೆಟ್ ನಮ್ಮ ಕಡೆ ತಿರುಗಿಸಿ 18, 20, 25 ಅಂತ ತೋರಿಸಿದಾಗ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು. ಮಂಗಳಾರತಿ ತಟ್ಟೆ! ಅದೇ ತಂತ್ರ. ತಟ್ಟೆ ನಮ್ಮೆದುರು ಬಂದು ಒಂದು ಕ್ಷಣ ಜಾಸ್ತಿ ನಿಲ್ಲುತ್ತೆ. ಭಟ್ಟರು ಬೇರೆ ಕಡೆ ನೋಡುತ್ತಾರೆ. ಹಿಂದೆ ನಿಂತವರು ನಮ್ಮ ಕೈ ನೋಡುತ್ತಾರೆ. ತಟ್ಟೆಯಲ್ಲಿ ಮೊದಲೇ ಒಂದು ಐನೂರರ ನೋಟು ಇರುತ್ತೆ, ಅದು ಯಾರು ಹಾಕಿದ್ದು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಆದರೆ ನಮ್ಮ ತಟ್ಟೆ ಟ್ಯಾಬ್ಲೆಟ್ಟಿಗಿಂತ ಎಷ್ಟೋ ಉದಾರ. ಐವತ್ತರ ನೋಟು ಹಾಕಿ, ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡು, ನಲವತ್ತು ರೂಪಾಯಿ ಚಿಲ್ಲರೆ ವಾಪಸ್ ಎತ್ತಿಕೊಳ್ಳಬಹುದು. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಟ್ಯಾಬ್ಲೆಟ್ಟಿನ ಮುಂದೆ ಹಾಗೆ ಮಾಡಿ ನೋಡಿ. ಈಗ ಕೆಲವು ಗುಡಿಗಳಲ್ಲಿ ತಟ್ಟೆಯ ಪಕ್ಕ ಕ್ಯೂಆರ್ ಕೋಡ್ ಬಂದಿದೆ, 'ಇಷ್ಟು ರೂಪಾಯಿ ಬಂದಿದೆ' ಅಂತ ಪೆಟ್ಟಿಗೆ ಗರ್ಭಗುಡಿಗೆ ಕೇಳುವ ಹಾಗೆ ಕೂಗುತ್ತೆ. ಹತ್ತು ರೂಪಾಯಿ ಹಾಕಿದವರ ಸಂಕಟ ಬೇರೆ. ಇರಲಿ, ಟಿಪ್ಸಿಗೆ ಬರೋಣ.

ಇಷ್ಟರಲ್ಲಿ ಅಮೆರಿಕ ಸರ್ಕಾರ ಟಿಪ್ಸ್ ಮೇಲೆ ತೆರಿಗೆ ಬಿಟ್ಟ ಸುದ್ದಿ ನಿಮಗೆ ಗೊತ್ತೇ ಇದೆ. 2025ರ ಜುಲೈ 4ಕ್ಕೆ ಸಹಿ ಬಿತ್ತು. 2025ರಿಂದ 2028ರವರೆಗೆ, ವರ್ಷಕ್ಕೆ 25,000 ಡಾಲರ್ ಟಿಪ್ಸ್‌ವರೆಗೆ ಆದಾಯ ತೆರಿಗೆ ವಿನಾಯಿತಿ. ಎಂಥ ದೊಡ್ಡ ಮನಸ್ಸು! ಯಾರಿಗೆಲ್ಲ ಅನ್ವಯ ಅಂತ ಖಜಾನೆ ಇಲಾಖೆ 68 ಕಸುಬುಗಳ ಕರಡು ಪಟ್ಟಿ ಮಾಡಿತು. ಅದರಲ್ಲಿ ಬಾಡಿಗೆ ಬೋಟಿನ ಕೆಲಸಗಾರರಿದ್ದಾರೆ. ರಿಕ್ಷಾದವರೂ ಇದ್ದಾರೆ. ಹೌದು, ರಿಕ್ಷಾ. ವಾಷಿಂಗ್ಟನ್ನಿನಲ್ಲಿ ಕೂತ ಅಧಿಕಾರಿಗಳು ಗಂಭೀರವಾಗಿ ರಿಕ್ಷಾ ಅಂತ ಬರೆದಿದ್ದಾರೆ. ಬೆಂಗಳೂರಿನ ಆಟೊ ಸ್ಟ್ಯಾಂಡುಗಳಲ್ಲಿ ಇದಕ್ಕೆ ಸಿಹಿ ಹಂಚಬೇಕಿತ್ತು.

ಒಂದು ಷರತ್ತಿದೆ. ಆ ಟಿಪ್ಸ್ ಗಿರಾಕಿ ಸ್ವಂತ ಇಷ್ಟದಿಂದ ಕೊಟ್ಟದ್ದಾಗಿರಬೇಕು. ಬಿಲ್ಲಿನಲ್ಲಿ ಕಡ್ಡಾಯ ಅಂತ ಹಾಕಿದರೆ ವಿನಾಯಿತಿ ಇಲ್ಲ. ಹಾಗಾಗಿ 'ನಿಮ್ಮಿಷ್ಟ, ಆದರೆ 20' ಅನ್ನುವ ಆ ಸಾಲು ಸಾಮಾನ್ಯದ್ದಲ್ಲ. ಕಡ್ಡಾಯವಾದ ಇಷ್ಟ. ನಮ್ಮಲ್ಲಿ ಶಾಲೆಗೆ ಕೊಡುವ 'ಸ್ವಇಚ್ಛೆಯ ದೇಣಿಗೆ'ಯ ತಮ್ಮ.

ಇನ್ನೊಂದು ಲೆಕ್ಕ. ಟಿಪ್ಸ್ ಸಿಗುವ ಕೆಲಸಗಾರನಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಅನ್ನುತ್ತೆ ಅಲ್ಲಿನ ಕೇಂದ್ರದ ಕಾನೂನು. 1991ರಿಂದ ಅದೇ 2.13. ಫ್ಲೋರಿಡಾದಂಥ ರಾಜ್ಯಗಳು ಅದಕ್ಕಿಂತ ಜಾಸ್ತಿ ಇಟ್ಟಿವೆ. ಅಳಿಯ ಇರುವ ಜಾರ್ಜಿಯಾದಲ್ಲಿ ಇವತ್ತಿಗೂ ಇಷ್ಟೇ. ಟಿಪ್ಸ್ ಸೇರಿ ಗಂಟೆಗೆ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕಂತೆ. ಕೇಳುವ ಧೈರ್ಯ ಯಾವ ಮಾಣಿಗಿದೆ ಹೇಳಿ. 1991ರಲ್ಲಿ ಮಾಣಿಯಾಗಿದ್ದವನ ಮಗ ಇವತ್ತು ಮಾಣಿಯಾಗಿದ್ದರೆ ಅವನಿಗೂ ಅದೇ ಸಂಬಳ. ಅದರ ಮೇಲೆ ತೆರಿಗೆ ವಿನಾಯಿತಿ. ತೆರಿಗೆ ಬೀಳುವಷ್ಟು ದುಡಿಮೆಯೇ ಇಲ್ಲದವನಿಗೆ ಅದರಿಂದ ಏನು ಬಂತು? ಬೋಳು ತಲೆಗೆ ಬಾಚಣಿಗೆ ಕೊಟ್ಟು, 'ನೋಡು, ಚಿನ್ನದ್ದು' ಅಂದ ಹಾಗೆ.

ತಮಾಷೆ ಸಾಕು. ನನಗೆ ನಿಜವಾಗಿ ಸಿಟ್ಟು ಬಂದದ್ದು ಬೋಟಿನಲ್ಲಿದ್ದಾಗಲೇ. ದಾರ ಬಿಡಿಸುತ್ತಾ ಹುಡುಗ ಹೇಳಿದ್ದ, ಕ್ಯಾಪ್ಟನ್ ಟ್ರಿಪ್ಪಿಗೆ ಅಷ್ಟೋ ಇಷ್ಟೋ ಕೊಡುತ್ತಾನೆ, ಮನೆ ಬಾಡಿಗೆ ಕಟ್ಟುವುದು ಟಿಪ್ಸಿನಿಂದ. ನಿನ್ನೆ ಬಂದ ಆರು ಜನ 'ಥ್ಯಾಂಕ್ಯೂ ಫ್ರೆಂಡ್' ಅಂತ ಕೈ ಕುಲುಕಿ ಹೋದರಂತೆ. ಅಷ್ಟೇ. ಅದನ್ನೂ ನಕ್ಕೊಂಡೇ ಹೇಳಿದ. ನಗಲೇಬೇಕು, ನಗುವುದೂ ಅವನ ಕೆಲಸ. ಒಬ್ಬ ದುಡಿದಿದ್ದಾನೆ. ಕೂಲಿ ಕೊಡಬೇಕಾದವನು ಕೂಲಿ ಕೊಡಬೇಕು. ಅದು ಬಿಟ್ಟು ಗಿರಾಕಿಯನ್ನು ಹುಡುಗನ ಮುಂದೆ ನಿಲ್ಲಿಸಿ, ಹುಡುಗನನ್ನು ಗಿರಾಕಿಯ ಮುಂದೆ ನಿಲ್ಲಿಸಿ, ಇಬ್ಬರಿಗೂ ನಾಚಿಕೆ ಹುಟ್ಟಿಸಿ, ತಾನು ಅತ್ತ ಹೋಗಿ ಬೋಟು ತೊಳೆಯುವುದು. ಇದಕ್ಕೆ ಶಿಷ್ಟಾಚಾರ ಅಂತ ಹೆಸರು. ಕ್ಯಾಪ್ಟನ್ ಕೆಟ್ಟವನೇನಲ್ಲ. ಇನ್ಶೂರೆನ್ಸು, ಇಂಧನ, ಪರ್ಮಿಟ್ಟು ಅಂತ ಅವನ ಕುತ್ತಿಗೆಗೂ ಹಗ್ಗ ಇದೆ. ಆದರೆ 900ರ ಬದಲು 1,080 ಅಂತ ಬರೆದರೆ ಗಿರಾಕಿ ಪಕ್ಕದ ಬೋಟಿಗೆ ಹೋಗುತ್ತಾನೆ ಅಂತ ಭಯ. ಅದಕ್ಕೆ ಆ 180 ಹುಡುಗನ ನಗುವಿಗೆ ಬಿಟ್ಟಿದ್ದಾನೆ.

ನಮ್ಮಲ್ಲೂ ಟ್ಯಾಕ್ಸಿ ಆಪ್‌ಗಳು ಇದನ್ನು ಕಲಿತವು. ಗಾಡಿ ಬರುವ ಮೊದಲೇ ಟಿಪ್ಸ್ ಕೇಳಿದವು. 2025ರ ಮೇ ತಿಂಗಳಲ್ಲಿ ಧಾರವಾಡದ ಸಂಸದರೂ ಆದ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ಇದು ಅನ್ಯಾಯ, ಟಿಪ್ಸ್ ಅಂದರೆ ಸೇವೆ ಆದ ಮೇಲೆ ಖುಷಿಯಿಂದ ಕೊಡುವುದು ಅಂದರು. ನೋಟಿಸೂ ಹೋಯಿತು. ಮಳೆ ಬಂದ ಸಂಜೆ ಎಂಜಿ ರಸ್ತೆಯಲ್ಲಿ ನಿಂತು ಮೊಬೈಲ್ ಒತ್ತಿದವರು ಆ ನೋಟಿಸಿನ ಕಥೆ ಹೇಳಬೇಕು.

ದಡದಲ್ಲಿ ಮೀನು ಕೊಯ್ಯುವ ಮೇಜು. ಹುಡುಗ ಚಾಕು ಎತ್ತಿದ. ಎರಡು ಎಳೆತಕ್ಕೆ ಮಾಂಸದ ತುಂಡು ಬೇರೆ, ಉಳಿದದ್ದು ಬೇರೆ. ಉಳಿದದ್ದು ಅಂದರೆ ತಲೆ, ಮುಳ್ಳು, ಬಾಲ. ಅದನ್ನು ಹಿಂದಕ್ಕೆ ಎಸೆದ. ಅಲ್ಲಿ ಆರೇಳು ಪೆಲಿಕನ್‌ಗಳು ಸಾಲಾಗಿ ಕಾದಿದ್ದವು. ಒಂದು ನನ್ನ ತಲೆಯನ್ನು, ಅಂದರೆ ನನ್ನ ಮೀನಿನ ತಲೆಯನ್ನು, ಗುಳುಂ ಮಾಡಿತು. ನನ್ನ ಹೆಂಡತಿ ಕಿರುಚಿದಳು. ಸಾರಿನ ರುಚಿಯೆಲ್ಲ ಇರುವುದು ತಲೆಯಲ್ಲಿ! ನಾನು ಓಡಿಹೋಗಿ ಹುಡುಗನ ಕೈ ಹಿಡಿದೆ. ನಮಗೆ ತಲೆ ಬೇಕು ಅಂದೆ. ಅವನಿಗೆ ಎಷ್ಟು ಖುಷಿಯಾಯಿತು ಅಂದರೆ ಉಳಿದ ಎಂಟೂ ತಲೆಗಳನ್ನು ತೊಳೆದು, ಕಿವಿರು ತೆಗೆದು, ಐಸು ಹಾಕಿ ಚೀಲ ಕಟ್ಟಿಕೊಟ್ಟ. ತನ್ನ ಅಜ್ಜಿಯೂ ತಲೆ ಬಿಸಾಡಲು ಬಿಡುತ್ತಿರಲಿಲ್ಲ ಅಂದ. ಇಡೀ ದಿನದಲ್ಲಿ ಆ ಒಂದು ನಗು ಬೇರೆ ಥರ ಇತ್ತು.

ಅಳಿಯ ಹತ್ತು ಅಡಿ ದೂರ ಹೋಗಿ, ನಮ್ಮ ಪರಿಚಯವೇ ಇಲ್ಲದವನ ಹಾಗೆ ನಿಂತಿದ್ದ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಮಾಮ, ತಲೆಗೆ ಬೇರೆ ಕೊಡ್ಬೇಕಾ?"

ತಲಾ 30 ಡಾಲರ್‌ನಂತೆ ಸೇರಿಸಿ 180 ಕೊಟ್ಟೆವು. ಹುಡುಗ ಎಣಿಸದೆ ಜೇಬಿಗೆ ಹಾಕಿದ. ಕ್ಯಾಪ್ಟನ್ ಅತ್ತ ಬೋಟು ತೊಳೆಯುತ್ತಿದ್ದ. ಮುಂದಿನ ಟ್ರಿಪ್ಪಿನ ಆರು ಜನ ಆಗಲೇ ಟೋಪಿ ಹಾಕಿಕೊಂಡು ಕಾದಿದ್ದರು.

ಕಾರಿನ ಬಾಗಿಲು ತೆಗೆದರೆ ಬಿಸಿಲಿಗೆ ಬಾಳೆಹಣ್ಣು ಪೂರ್ತಿ ಕಪ್ಪಾಗಿತ್ತು. ಮೀನೂ ತಿನ್ನದ, ಗಾಳವನ್ನೂ ಮುಟ್ಟದ ದಾವಣಗೆರೆ ಹುಡುಗ ಹಿಂದಿನ ಸೀಟಿನಲ್ಲಿ ಕೂತು ಒಂದೊಂದೇ ಸುಲಿದು ಆರು ಹಣ್ಣು ತಿಂದ.