ಒಂದು ಸಾಲು ಒತ್ತಿದರೂ ಊರೇ ಬಂದು ನೋಡುತ್ತದೆ

ಕಾರು ನಿಲ್ಲಿಸಿ ಇಳಿದಾಗ ಮೊದಲು ಕಂಡದ್ದು ಬೀದಿಗೇ ತಾಗಿದ ಒಂದು ಕೊಟ್ಟಿಗೆ. ಕೆಂಪು ಇಟ್ಟಿಗೆಯ ಗೋಡೆ, ಮೇಲೆ ಕೆಂಪು ಹೆಂಚು. ಪಕ್ಕದಲ್ಲೇ ರೈತನ ಮನೆ, ಅದರ ಪಕ್ಕ ಇನ್ನೊಬ್ಬ ರೈತನ ಮನೆ. ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಮಣ್ಣಿನ ಹೆಂಟೆಗಳು ರಸ್ತೆಯುದ್ದಕ್ಕೂ ಬಿದ್ದಿದ್ದವು. ನಾಗಮಂಗಲದ ಕಡೆಯ ನಮ್ಮೂರಿನ ಬೀದಿ ನೆನಪಾಯಿತು.

ನಾಟಿಂಗ್‌ಹ್ಯಾಮ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ನೋಡಿದ ಇಂಗ್ಲಿಷ್ ಹಳ್ಳಿಗಳಲ್ಲಿ ರೈತರು ಊರೊಳಗೆ ಇರುವುದು ಕಡಿಮೆ. ಅವರ ಮನೆಗಳು ದೂರದಲ್ಲಿ, ಹೊಲದ ನಡುವೆ ಒಂಟಿಯಾಗಿ ಇರುತ್ತವೆ. ಊರೊಳಗಿನ ಚಂದದ ಮನೆಗಳಲ್ಲಿ ಪಟ್ಟಣಕ್ಕೆ ಕೆಲಸಕ್ಕೆ ಹೋಗಿ ಬರುವವರು ಇರುತ್ತಾರೆ. ಇಲ್ಲಿಂದ ಮುಕ್ಕಾಲು ಗಂಟೆ ದಾರಿಯ, ನಾನು ಕಾರು ನಿಲ್ಲಿಸಿದ ಲ್ಯಾಕ್ಸ್‌ಟನ್ ಹಾಗಿಲ್ಲ. ಅಲ್ಲಿ ಮನೆ ಊರಲ್ಲಿ, ಹೊಲ ಊರಾಚೆ. ನಮ್ಮ ಹಾಗೆಯೇ.

ಅದಕ್ಕೆ ಕಾರಣ ಹೊಲಗಳು ಹಂಚಿಹೋಗಿರುವ ರೀತಿ. ಊರಿನ ಸುತ್ತ ಮೂರು ದೊಡ್ಡ ಬಯಲುಗಳಿವೆ: ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್. ಒಂದೊಂದು ಬಯಲಿನಲ್ಲೂ ಉದ್ದುದ್ದ ಪಟ್ಟಿಗಳು. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ, ಮೂರೂ ಬಯಲುಗಳಲ್ಲಿ ಚದುರಿರುತ್ತವೆ. ಒಳ್ಳೆ ಮಣ್ಣೂ ಎಲ್ಲರಿಗೆ, ಸುಮಾರು ಮಣ್ಣೂ ಎಲ್ಲರಿಗೆ. ನಮ್ಮಲ್ಲಿ ಅಣ್ಣತಮ್ಮಂದಿರು ಭಾಗ ಆಗುವಾಗ ಕೆರೆ ಹಿಂದಿನ ಗದ್ದೆಯಲ್ಲೂ ಪಾಲು, ದಿಣ್ಣೆ ಹೊಲದಲ್ಲೂ ಪಾಲು ಕೇಳುತ್ತಾರಲ್ವಾ? ಅದೇ ಲೆಕ್ಕ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ. ಮೂರನೆಯದನ್ನು ಹಿಂದೆ ಬೀಳು ಬಿಡುತ್ತಿದ್ದರು, ಈಗ ಹೆಚ್ಚಾಗಿ ಮೇವು ಬೆಳೆಯುತ್ತಾರೆ. ವರ್ಷ ವರ್ಷ ಸರದಿ ತಿರುಗುತ್ತದೆ. ಪಟ್ಟಿಗಳ ನಡುವೆ ಬೇಲಿ ಇಲ್ಲ, ಬದುವೂ ಇಲ್ಲ.

ಒಂದು ಕಾಲಕ್ಕೆ ಇಂಗ್ಲೆಂಡಿನ ಎಷ್ಟೋ ಊರುಗಳು ಹೀಗೇ ಇದ್ದವು. 18 ಮತ್ತು 19ನೇ ಶತಮಾನದಲ್ಲಿ ಪಾರ್ಲಿಮೆಂಟು ಒಂದೊಂದು ಊರಿಗೂ ಕಾಯ್ದೆ ಮಾಡಿ ಇಂಥ ಬಯಲುಗಳಿಗೆ ಬೇಲಿ ಹಾಕಿಸಿತು. ಚದುರಿದ ಪಟ್ಟಿಗಳು ಒಟ್ಟಾದವು, ರೈತರ ಮನೆಗಳು ಹೊಲಕ್ಕೆ ಹೋದವು, ದನ ಮೇಯಿಸುವ ಜಾಗ ಬಡವರ ಕೈತಪ್ಪಿತು. ಲ್ಯಾಕ್ಸ್‌ಟನ್‌ನಲ್ಲಿ ಮಾತ್ರ ಆ ಕೆಲಸ ಪೂರ್ತಿ ಆಗಲೇ ಇಲ್ಲ. ಅಲ್ಲಿನ ಇಬ್ಬರು ದೊಡ್ಡ ಜಮೀನ್ದಾರರಾದ ಮ್ಯಾನ್ವರ್ಸ್ ಮತ್ತು ಸ್ಕಾರ್ಬರೋ ಮನೆತನದವರು ಒಮ್ಮತಕ್ಕೆ ಬರಲಿಲ್ಲ ಎಂದು ಹೇಳುತ್ತಾರೆ. 1952ರಲ್ಲಿ ಸರ್ಕಾರದ ಕೃಷಿ ಇಲಾಖೆಯೇ ಈ ಜಮೀನು ಕೊಂಡಿತು. 1981ರಲ್ಲಿ ಅದು ರಾಜಸತ್ತೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು. 2020ರಲ್ಲಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟ್‌ಗೇ ಮರಳಿತು. ಒಡೆಯರು ಬದಲಾದರೂ ಉಳುವ ರೀತಿ ಉಳಿದಿದೆ.

ನಾನು ಹೋಗಿದ್ದು ನವೆಂಬರ್ ಕೊನೆಯ ಒಂದು ಗುರುವಾರ. ಅವತ್ತು ಅಲ್ಲಿ ಜೂರಿ ದಿನ. ಊರಿನ ರೈತರಲ್ಲೇ ಹನ್ನೆರಡು ಜನ ಮತ್ತು ಅವರಿಗೊಬ್ಬ ಮುಖಂಡ ಸೇರಿ, ಆ ವರ್ಷ ಗೋಧಿ ಬಿತ್ತಿದ ಬಯಲನ್ನು ನೋಡಲು ಹೊರಡುತ್ತಾರೆ. ಟ್ರ್ಯಾಕ್ಟರ್ ಹಿಂದಿನ ಟ್ರೈಲರ್‌ನಲ್ಲಿ ಮರದ ಗೂಟಗಳು, ಒಂದು ದೊಡ್ಡ ಕೊಡತಿ. ನಾನು ದಾರಿಯ ಅಂಚಿನಲ್ಲಿ ನಿಂತು ನೋಡಿದೆ. ಗೋಧಿ ಆಗಷ್ಟೇ ಬೆರಳುದ್ದ ಬಂದಿತ್ತು. ಒಬ್ಬರು ಪಟ್ಟಿಯ ತುದಿಯಲ್ಲಿ ನಿಂತರು, ಇನ್ನೊಬ್ಬರು ಆ ಕಡೆಯ ಗೂಟದ ನೇರಕ್ಕೆ ಕಣ್ಣು ಕಿರಿದು ಮಾಡಿ ನೋಡಿದರು. ಕೈಯಲ್ಲೇ ‘ಸ್ವಲ್ಪ ಈ ಕಡೆ’ ಅಂದರು. ಗೂಟ ಇಳಿಯಿತು. ಉಳುಮೆ ಆ ಗೂಟ ದಾಟಿ ದಾರಿಗೋ ಹುಲ್ಲಿನ ಪಟ್ಟಿಗೋ ಬಂದಿದ್ದರೆ, ಯಾರದೆಂದು ಬರೆದುಕೊಳ್ಳುತ್ತಾರೆ. ಕಾಲುವೆ ತೆಗೆಯದೆ ಬಿಟ್ಟಿದ್ದರೆ ಅದನ್ನೂ ಬರೆಯುತ್ತಾರೆ. ಮಧ್ಯಾಹ್ನ ಎಲ್ಲರೂ ಊರಿನ ಡವ್‌ಕೋಟ್ ಇನ್‌ನಲ್ಲಿ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ವಾರದ ಮೇಲೆ ಊರಿನದೇ ನ್ಯಾಯಸಭೆ ಸೇರುತ್ತದೆ. ಅದಕ್ಕೆ ಕೋರ್ಟ್ ಲೀಟ್ ಅನ್ನುತ್ತಾರೆ. ಒತ್ತಿದವರಿಗೆ ಅಲ್ಲಿ ದಂಡ.

ದಂಡದ ಹಣ ದೊಡ್ಡದಲ್ಲ. ದೊಡ್ಡದಾಗಿರಬೇಕಿಲ್ಲ ಎಂದು ನನಗೆ ಅಲ್ಲಿ ನಿಂತಾಗ ಅನಿಸಿತು. ಒಂದು ಸಾಲು ಒತ್ತಿದಾಗಲೇ ಹನ್ನೆರಡು ಜನ ಬಂದು ನೋಡುತ್ತಾರೆ. ಅವರಲ್ಲಿ ಒಬ್ಬರ ಹೊಲ ನಿಮ್ಮ ಹೊಲದ ಪಕ್ಕದ್ದೇ ಆಗಿರಬಹುದು. ಅವರ ಜೊತೆಗೇ ನೀವು ಊಟ ಮಾಡಬೇಕು. ತಪ್ಪು ಒಂದು ಸಾಲಿನಷ್ಟು ಇರುವಾಗಲೇ ಮಾತಾಡಿ ಮುಗಿಸುವುದು ಎಷ್ಟು ಸುಲಭ!

ನಮ್ಮ ರಾಗಿ ಹೊಲದ ಪಡುವಲ ಬದು ನಾನು ಚಿಕ್ಕವನಿದ್ದಾಗ ಎರಡು ಮೊಳ ಅಗಲ ಇತ್ತು. ಅದರ ಮೇಲೆ ಹುಲ್ಲು ಕುಯ್ಯುತ್ತಿದ್ದೆವು. ವರ್ಷಕ್ಕೆ ಒಂದು ಸಾಲು ಅವರು, ಒಂದು ಸಾಲು ನಾವು. ಕೊನೆಗೆ ಬದು ಒಂದು ಗೇಣಿಗೆ ಬಂತು, ಆಮೇಲೆ ಇಲ್ಲವೇ ಆಯಿತು. ಬಾಂದಿನ ಕಲ್ಲು ಯಾವ ವರ್ಷ ಕಾಣೆಯಾಯಿತೋ ಯಾರಿಗೂ ಗೊತ್ತಿಲ್ಲ. ಮಾತು ಬೆಳೆಯಿತು, ಅಳತೆಗೆ ಅರ್ಜಿ ಹೋಯಿತು, ಆಮೇಲೆ ಕೋರ್ಟು. ಹದಿನಾಲ್ಕು ವರ್ಷವಾಯಿತು. ಜಗಳ ಇರುವುದು ಎರಡು ಗುಂಟೆಗೆ. ಆ ಮನೆಯ ಮದುವೆಗೆ ನಾವು ಹೋಗಲಿಲ್ಲ, ನಮ್ಮಜ್ಜಿ ತಿಥಿಗೆ ಅವರು ಬರಲಿಲ್ಲ. ‘ನಾವೂ ಒತ್ತಿದ್ವಿ ಮಗಾ, ಸುಳ್ಳು ಯಾಕೆ ಹೇಳ್ಲಿ’ ಎಂದು ಅಪ್ಪ ಹೋದ ವರ್ಷ ಫೋನಿನಲ್ಲಿ ಹೇಳಿದರು. ಹದಿನಾಲ್ಕು ವರ್ಷದ ಹಿಂದೆ ಇದೇ ಮಾತನ್ನು ಬದುವಿನ ಮೇಲೆ ನಿಂತು ಹೇಳಲು ಅವರಿಗೆ ಒಂದು ಸಂದರ್ಭವೇ ಸಿಗಲಿಲ್ಲ.

ಬದು ಇಬ್ಬರ ವಿಷಯ ಅನ್ನೋಣ. ಬಂಡಿ ದಾರಿ ಊರಿನದು. ನಕಾಶೆಯಲ್ಲಿ ಕಂಡ ದಾರಿ ನೆಲದ ಮೇಲೆ ಕಾಣದೆ, ರಾಗಿ ತೆನೆಯನ್ನು ತಲೆ ಮೇಲೆ ಹೊತ್ತು ತರುವ ಹೊಲಗಳು ನಮ್ಮೂರಲ್ಲೇ ಇವೆ. ಗೋಮಾಳದ್ದು ಇನ್ನೂ ದೊಡ್ಡ ನೋವು. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಎಂದು ನಮ್ಮ ಕಂದಾಯ ನಿಯಮವೇ ಹೇಳುತ್ತದೆ. ಒತ್ತಿದವರು ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, ಆಮೇಲೆ 53, ಆಮೇಲೆ 57ರಲ್ಲಿ ಅರ್ಜಿ ಹಾಕುತ್ತಲೇ ಬಂದಿದ್ದಾರೆ. ಅವರಲ್ಲಿ ಭೂಮಿಯೇ ಇಲ್ಲದ ಬಡವರೂ ಇದ್ದಾರೆ, ಅವರಿಗೆ ಸಿಗಲೇಬೇಕು. ತೋಟ ಇದ್ದೂ ಬೇಲಿ ಮುಂದಕ್ಕೆ ತಳ್ಳಿದವರೂ ಇದ್ದಾರೆ. ಯಾರು ಯಾರೆಂದು ತಾಲ್ಲೂಕು ಕಚೇರಿಯ ಕಡತಕ್ಕಿಂತ ಊರಿಗೆ ಚೆನ್ನಾಗಿ ಗೊತ್ತು.

ಹಾಗಂತ ಹಳೇ ಊರ ಪಂಚಾಯಿತಿಯನ್ನೇ ತನ್ನಿ ಎಂದು ನಾನು ಹೇಳುತ್ತಿಲ್ಲ. ಅರಳಿಕಟ್ಟೆ ಮೇಲೆ ಕೂತವರು ಯಾವ ಜಾತಿಯವರು, ಕೆಳಗೆ ನಿಂತವರು ಯಾರು ಅನ್ನುವುದು ನನಗೆ ಗೊತ್ತು. ಹೆಂಗಸರಿಗಂತೂ ಅಲ್ಲಿ ಮಾತೇ ಇರಲಿಲ್ಲ. ಲ್ಯಾಕ್ಸ್‌ಟನ್‌ನ ಬಹುತೇಕ ರೈತರು ಒಬ್ಬನೇ ಒಡೆಯನ ಗೇಣಿದಾರರು. ಆ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಸಮ. ಅಲ್ಲಿ ಈ ಪದ್ಧತಿ ನಡೆಯಲು ಅದೂ ಒಂದು ಕಾರಣ. ನಮ್ಮಲ್ಲಿ ಸುತ್ತಾಟಕ್ಕೆ ಹೊರಡುವ ಹನ್ನೆರಡು ಜನರಲ್ಲಿ ಕಾಲೋನಿಯವರೂ ಇರಬೇಕು, ಹೆಂಗಸರೂ ಇರಬೇಕು. ಇಲ್ಲದಿದ್ದರೆ ಬೇಡವೇ ಬೇಡ.

ಆದರೆ ಊರಿನ ಕಣ್ಣು ಅನ್ನುವುದು ನಮಗೆ ಹೊಸದೇನಲ್ಲ. ನಮ್ಮ ಕೆರೆಗೆ ನೀರುಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬು ಎಷ್ಟು ಎತ್ತಬೇಕು ಎಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಪಟೇಲರ ಗದ್ದೆಗೂ ಸರದಿ ಮೀರಿ ಬಿಡುತ್ತಿರಲಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ. ಕೆರೆಗೆ ನೀರು ಬರುವುದು ನಿಂತ ಮೇಲೆ ಆ ಕೆಲಸವೂ ಹೋಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಲ್ಯಾಕ್ಸ್‌ಟನ್‌ಗೆ 1635ರ ಒಂದು ನಕ್ಷೆ ಇದೆ. ಮಾರ್ಕ್ ಪಿಯರ್ಸ್ ಎಂಬಾತ ಬರೆದದ್ದು, ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಅದರಲ್ಲಿ ಗುರುತಿಸಿದ್ದಾರೆ. 20ನೇ ಶತಮಾನದ ಮೊದಲಲ್ಲಿ ಅವನ್ನು ಕೂಡಿಸಿ ಅಗಲ ಮಾಡಿದ್ದರಿಂದ ಈಗ ಅಷ್ಟಿಲ್ಲ. ಆ ನಕ್ಷೆ ಬರೆಸಿದ ಒಡೆಯ ಸರ್ ವಿಲಿಯಂ ಕೋರ್ಟೀನ್, ಲಂಡನ್ನಿನ ದೊಡ್ಡ ವ್ಯಾಪಾರಿ. ಆ ಹೆಸರು ಓದಿ ನಾನು ಒಂದು ಕ್ಷಣ ನಿಂತೆ. ಇದೇ ಕೋರ್ಟೀನ್ ಕಂಪನಿಯ ಹಡಗುಗಳೇ 1637ರಲ್ಲಿ ಭಟ್ಕಳಕ್ಕೆ ಬಂದದ್ದು. ಮೆಣಸಿನ ವ್ಯಾಪಾರಕ್ಕೆ ಇಕ್ಕೇರಿಯ ಅರಸ ವೀರಭದ್ರ ನಾಯಕನನ್ನು ಕಂಡವರು ಇವರೇ. ಮರುವರ್ಷ ಕಾರವಾರದ ಬಳಿ ಕೋಠಿ ಹಾಕಿದರು. ಅಷ್ಟರಲ್ಲಿ ಕೋರ್ಟೀನ್ ತೀರಿಕೊಂಡು, ವ್ಯವಹಾರ ಮಗನ ಕೈಗೆ ಹೋಗಿತ್ತು. ಲ್ಯಾಕ್ಸ್‌ಟನ್‌ನ ಗೋಧಿ ಬಯಲಿಗೂ ನಮ್ಮ ಮಲೆನಾಡಿನ ಮೆಣಸಿಗೂ ಒಂದು ಕಾಲಕ್ಕೆ ಒಂದೇ ಮನೆತನ ಲೆಕ್ಕ ಬರೆಸುತ್ತಿತ್ತು.

ನಮ್ಮೂರಿಗೂ ನಕಾಶೆ ಇದೆ. ಸರ್ವೆ ಇಲಾಖೆಯಲ್ಲಿ ಸಿಗುತ್ತದೆ, ಪ್ರತಿ ತೆಗೆಸಿದ್ದೇನೆ. ಲ್ಯಾಕ್ಸ್‌ಟನ್‌ನಲ್ಲಿ ವರ್ಷಕ್ಕೊಮ್ಮೆ ನೆಲದ ಮೇಲೆ ಕಾಲಿಟ್ಟು ನೋಡುತ್ತಾರೆ. ನಾವು ಜಗಳ ಆದ ಮೇಲೆ ಮಾತ್ರ ನಕಾಶೆ ಬಿಚ್ಚುತ್ತೇವೆ.

ನವೆಂಬರ್ ನಮಗೆ ಆಗಿಬರುವುದಿಲ್ಲ, ಅದು ರಾಗಿ ಕುಯ್ಲಿನ ಹೊತ್ತು. ನಮಗೆ ಇರುವ ದಿನ ಹೊನ್ನಾರು, ವರ್ಷದ ಮೊದಲ ಉಳುಮೆ. ಯುಗಾದಿಯ ಹೊತ್ತಿಗೆ ಊರೆಲ್ಲ ಒಟ್ಟಿಗೆ ಹೊಲಕ್ಕೆ ಹೋಗುವ ಒಂದೇ ದಿನ ಅದು. ಬೇಸಾಯ ಶುರುವಾಗುವ ಮುಂಚೆ ಬರುತ್ತದೆ, ಹೊಲ ಬರಿದಾಗಿರುತ್ತದೆ, ಗೆರೆ ಚೆನ್ನಾಗಿ ಕಾಣುತ್ತದೆ. ಪೂಜೆ ಮುಗಿಸಿ, ನಕಾಶೆ ಹಿಡಿದು, ಬಂಡಿ ದಾರಿಯ ಉದ್ದಕ್ಕೂ ಎಲ್ಲರೂ ಒಮ್ಮೆ ನಡೆದು ಬಂದರೆ ಸಾಕು. ದಂಡವೂ ಬೇಡ.

ಇದನ್ನು ಅಪ್ಪನಿಗೆ ಹೇಳಿದೆ.

‘ಅಳೆಯೋಕೆ ಸರ್ವೆಯವರು ಬರಲ್ವಾ ಅಲ್ಲಿ?’

‘ಇಲ್ಲಪ್ಪ, ಊರವರೇ ನೋಡ್ತಾರೆ. ಗೂಟ ಹೊಡೀತಾರೆ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹೊನ್ನಾರಿಗೆ ಈಗ ಊರಲ್ಲಿ ಮೂರೇ ಜೊತೆ ಎತ್ತು ಇರೋದು ಮಗಾ’ ಎಂದರು.

‘ಟ್ರ್ಯಾಕ್ಟರೇ ಆಗಲಿ ಬಿಡಪ್ಪ. ಅಲ್ಲೂ ಟ್ರ್ಯಾಕ್ಟರೇ.’

ಯುಗಾದಿಗೆ ನಾನು ಊರಿಗೆ ಹೋಗುತ್ತಿದ್ದೇನೆ. ಪಡುವಲ ಹೊಲದವರ ಮಗನ ನಂಬರು ಅಪ್ಪನ ಹತ್ತಿರವೇ ಇದೆಯಂತೆ. ಹದಿನಾಲ್ಕು ವರ್ಷವಾದರೂ ಅಳಿಸಿಲ್ಲ.